ಸಾವಿರದ ಆರುನೂರರ ಕೂಸು

ಸ್ವಲ್ಪ ಹತ್ತಿರ ಬರ್ರಿ, ಜೋರಾಗಿ ಹೇಳುವ ಮಾತಲ್ಲ ಇದು. ನನ್ನ ಬಾಯಿಂದ ಬಂತೆಂದು ಹೊಸಪೇಟೆಯಲ್ಲಿ ಒಬ್ಬರಿಗೂ ಗೊತ್ತಾಗಬಾರದು, ಆಣೆ ಮಾಡ್ರಿ. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಂಕಿ ಓದುತ್ತೇನೆ, ಅಂಕಿಯ ಬಾಲಕ್ಕೆ ಅಂಟಿಕೊಂಡಿರುವ ಸಣ್ಣ ಅಕ್ಷರಗಳ ತಂಟೆಗೆ ಹೋದವಳಲ್ಲ. ಅದಕ್ಕೇ ತೂಕದ ವಿಷಯದಲ್ಲಿ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇರುತ್ತದೆ.

೧. ಐದರ ಗುಳಿಗೆ

ನನಗೆ ಬಿಪಿ, ನನ್ನ ಮೈದುನನ ಹೆಂಡತಿಗೆ ಸಕ್ಕರೆ ಕಾಯಿಲೆ. ಆಕೆಯ ಗುಳಿಗೆಯ ಮೇಲೆ ಐನೂರು ಅಂತ ಬರೆದಿತ್ತು, ನನ್ನದರ ಮೇಲೆ ಬರೇ ಐದು. ಮನೆಗೆ ಹಿರಿಸೊಸೆ ನಾನು! ಔಷಧಿ ಅಂಗಡಿಗೆ ಹೋಗಿ ಕೂತೇಬಿಟ್ಟೆ.

"ನನಗೂ ಐನೂರರದು ಕೊಡಪಾ."

"ಅವ್ವಾ, ನಿಮ್ದು ಐದು ಮಿಲಿಗ್ರಾಂ. ಸಾವಿರ ಮಿಲಿಗ್ರಾಂ ಕೂಡಿದ್ರ ಒಂದು ಗ್ರಾಂ. ನಿಮ್ಮ ರೋಗಕ್ಕ ಐದು ಸಾಕ್ರಿ."

"ಐನೂರು ತಗೊಂಡ್ರ ಬಿಪಿ ಹೋಗಂಗಿಲ್ಲೇನು?"

"ಹೋಗತೈತ್ರಿ. ಅದರ ಬೆನ್ನಿಗೆ ನೀವೂ ಹೋಗ್ತೀರಿ."

೨. ನೂರೆಲ್ಲಿ, ಹದಿನಾರೆಲ್ಲಿ

ಕಂಪ್ಲಿಯಲ್ಲಿ ನನ್ನ ತಂಗಿಯ ಮಗಳನ್ನು ನೋಡಲು ಸಂಡೂರಿನ ಹುಡುಗ ಬಂದಿದ್ದ. ಅದಿರು ಹೊರುವ ಸ್ವಂತ ಲಾರಿ. "ಒಂದು ಸಲಕ್ಕ ಹದಿನಾರು ಟನ್ ಹಾಕ್ತೀನ್ರಿ" ಅಂದ. ನಾನು ತಂಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಬರೇ ಹದಿನಾರಂತ! ನಿನ್ನ ಗದ್ದಿ ನೂರು ಕ್ವಿಂಟಲ್ ನೆಲ್ಲು ಕೊಡತೈತಿ. ಬ್ಯಾಡ ಬಿಡು" ಅಂದೆ. ಪಾಪ, ತಂಗಿ ಎಂದೂ ನನ್ನ ಮಾತು ಮೀರಿದವಳಲ್ಲ.

ಅಡುಗೆಮನೆಯ ಮಾತು ಅವನ ಕಿವಿಗೆ ಬಿದ್ದಿತ್ತು. ಒಂದು ಟನ್ನಿಗೆ ಹತ್ತು ಕ್ವಿಂಟಲ್ ಅಂತ ಹೊರಗೆ ಚಪ್ಪಲಿ ಮೆಟ್ಟುತ್ತಾ ಅವನೇ ಹೇಳಿದ. ಅಷ್ಟರಲ್ಲಿ ನಾವು ಇಲ್ಲ ಅಂದಾಗಿತ್ತು. ಒಳ್ಳೇ ಹುಡುಗ, ತಂಗಿಯ ಮಗಳು ಈಗಲೂ ನನ್ನ ಕಂಡರೆ ಮುಖ ತಿರುಗಿಸುತ್ತಾಳೆ. ಹೋಗುವಾಗ ಅವನು ಅಂದ ಮಾತು ಕೇಳ್ರಿ: "ನಿಮ್ಮ ನೂರು ಕ್ವಿಂಟಲ್ ನೆಲ್ಲು ಹಾಕಿ, ಮ್ಯಾಲ ನಿಮ್ಮ ಬೀಗರನ್ನೆಲ್ಲಾ ಕುಂದ್ರಿಸಿದ್ರೂ ನನ್ನ ಲಾರ್ಯಾಗ ಜಾಗ ಉಳೀತೈತ್ರಿ, ದೊಡ್ಡವ್ವಾ."

೩. ಏಳು ತಿಂಗಳ ಲೆಕ್ಕ

ಇದನ್ನು ಹೇಳಲು ನಾಚಿಕೆ. ಪಕ್ಕದ ಮನೆಯಾಕೆ ಮೂವತ್ತು ವರ್ಷದಿಂದ ನನ್ನನ್ನು ಅಕ್ಕಾ ಅಂದವಳು. ಆಕೆಯ ಮಗಳನ್ನು ಕಮಲಾಪುರಕ್ಕೆ ಕೊಟ್ಟು ಏಳೇ ತಿಂಗಳಾಗಿತ್ತು, ಹೆರಿಗೆ ಆಯಿತು. ನಾನು ಆಸ್ಪತ್ರೆಗೆ ಬುತ್ತಿ ಒಯ್ದೆ. ಕೂಸನ್ನು ತೋರಿಸಲಿಲ್ಲ, ಒಳಗಿಟ್ಟಿದ್ದರು. ಮಂಚದ ಮೇಲೆ ತೂಕದ ಚೀಟಿ ಬಿದ್ದಿತ್ತು: ೧೬೦೦.

ಎರಡೆರಡು ಸಲ ಓದಿದೆ. ನನ್ನ ಮೊಮ್ಮಗ ತುಂಬಿದ ಒಂಬತ್ತು ತಿಂಗಳಿಗೆ ಹುಟ್ಟಿ ಬರೇ ಮೂರು ಇದ್ದ. ಇದು ಏಳಕ್ಕೇ ಸಾವಿರದ ಆರುನೂರು! ಇಷ್ಟು ಬಲಿತ ಕೂಸು ಏಳು ತಿಂಗಳದ್ದಾಗಲು ಸಾಧ್ಯವೇ? ಮದುವೆಗೆ ಮೊದಲಿನದೇ ಇರಬೇಕು ಅಂತ ನಳದ ಹತ್ತಿರ ನಾಲ್ಕು ಮಂದಿಗೆ ಅಂದೆ. ನಿಜ ಹೇಳುತ್ತೇನೆ, ಅನ್ನುವಾಗ ಭಾಳ ರುಚಿಯಾಗಿತ್ತು. ಸಂಜೆಯೊಳಗೆ ಸುದ್ದಿ ಕಮಲಾಪುರ ಮುಟ್ಟಿತು.

ಮರುದಿನ ಹುಡುಗಿಯ ಅತ್ತೆ ಆಸ್ಪತ್ರೆಗೆ ನುಗ್ಗಿದಳು. "ಎಲ್ಲೈತಿ ಆ ಗುಂಡುಕಲ್ಲಿನಂಥಾ ಕೂಸು? ನಿಮ್ಮ ಮಗಳನ್ನ ನೀವೇ ಇಟ್ಕೊಳ್ರಿ!"

ನರ್ಸಮ್ಮ ಆಕೆಯನ್ನು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ಹೀರೇಕಾಯಿಯಷ್ಟು ಜೀವ, ಮೂಗಿಗೆ ನಳಿಗೆ. "ಸಾವಿರದ ಆರುನೂರು ಗ್ರಾಂ. ಅಂದ್ರ ಒಂದು ಕೆಜಿ ಆರುನೂರು. ಎರಡು ಕೆಜಿ ಜ್ವಾಳದ ಹಿಟ್ಟಿಗಿಂತಾ ಹಗುರ ಐತ್ರಿ. ಉಳಿಸಾಕ ನೋಡಾಕತ್ತೀವಿ."

ಅತ್ತೆ ಅಲ್ಲೇ ಕೂತವಳು, ಕೂಸು ಪೆಟ್ಟಿಗೆಯಿಂದ ಹೊರಗೆ ಬರುವತನಕ ಆಸ್ಪತ್ರೆ ಬಿಡಲಿಲ್ಲ. ಯಾರು ಹೇಳಿದ್ದು ಅಂತ ಪಕ್ಕದ ಮನೆಯಾಕೆ ಕೇಳಿದಾಗ ನಳದ ನಾಲ್ಕೂ ಮಂದಿ ನನ್ನ ಮನೆಯ ಬಾಗಿಲು ತೋರಿಸಿದರು.

ಒಂದೂವರೆ ತಿಂಗಳು ಆಕೆ ನನ್ನತ್ತ ನೋಡಲಿಲ್ಲ. ಗೋಡೆಯಾಚೆಯಿಂದ ಪಲ್ಯದ ಬಟ್ಟಲು ಬರಲಿಲ್ಲ. ನನಗೆ ಊಟ ಸೇರಲಿಲ್ಲ. ಕೂಸು ಮನೆಗೆ ಬಂದ ದಿನ ಕುಲಾವಿ ಹಿಡಿದುಕೊಂಡು ಹೋಗಿ ಹೊಸ್ತಿಲ ಹೊರಗೇ ನಿಂತೆ. ಆಕೆ ಬೈಯಲಿಲ್ಲ. ಕೂಸನ್ನು ತಂದು ನನ್ನ ಕೈಯಲ್ಲಿಟ್ಟಳು. ಕೈಗೆ ಏನೂ ಬಂದಂತೆಯೇ ಆಗಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು. ಆಗ ನನ್ನ ಮುಖಕ್ಕೇ ಅಂದಳು:

"ಹುಷಾರು ಅಕ್ಕಾ, ಈಗ ಎರಡು ಸಾವಿರದ ಐನೂರು ಆಗೈತಿ. ನಿನಗೊಬ್ಬಾಕಿಗೆ ಆಗಂಗಿಲ್ಲ. ನಳದ ಹತ್ರ ನೀ ಹೇಳಿದ ಮಂದೀನೂ ಕರಕೊಂಡು ಬಾ, ಎಲ್ಲಾರೂ ಕೂಡಿ ಎತ್ರಿ."