ಊಟಕ್ಕೆ ಬನ್ನಿ ಅಂದದ್ದಕ್ಕೆ

ನಟರಾಜುವಿನ ಲಾರಿಗೆ ಇಬ್ಬರು ಯಜಮಾನರು. ಒಬ್ಬ ಸಂಬಳ ಕೊಡುವ ನಂಜುಂಡೇಶ್. ಇನ್ನೊಂದು, ಗಾಜಿನ ಹಿಂದೆ ಅಂಟಿಸಿದ ಕರೀ ಡಬ್ಬಿ. ಸೀಟಿನಲ್ಲಿ ಕೂತವರ ಮುಖ ನೋಡಿ ಹೆಸರು ಹೇಳುವ ಆ ಡಬ್ಬಿ, ಐದು ಗಂಟೆ ಓಡಿಸಿದೊಡನೆ ಅತ್ತೆಯಂತೆ ಶುರು ಹಚ್ಚುತ್ತಿತ್ತು: “ಊಟ ಮಾಡಿ. ಅರ್ಧ ಗಂಟೆ ವಿಶ್ರಮಿಸಿ.” ಅಲ್ಲಿಗೆ ಇಂಜಿನ್ ಬಂದ್. ನಿಂತ ಲಾರಿಯನ್ನು ಪಕ್ಕಕ್ಕೆ ಸರಿಸಲು ಮಾತ್ರ ಎರಡು ಸಲ ಬಿಡುತ್ತಿತ್ತು. ಸರಿಸಿದರೆ ಅರ್ಧ ಗಂಟೆ ಮತ್ತೆ ಮೊದಲಿನಿಂದ.

ಕಣ್ಣೂರಿನಿಂದ ಪ್ಲೈವುಡ್ ತುಂಬಿಕೊಂಡು ಕಟ್ಟೆಮಳಲವಾಡಿ ಹತ್ತಿರ ಬಂದಾಗ ಹನ್ನೆರಡೂವರೆ; ಡಬ್ಬಿ ಶುರು ಹಚ್ಚಿತು. ಮೂರಕ್ಕೆ ಕೆ.ಆರ್. ನಗರದ ಗೋಡೌನ್ ಗೇಟು ಮುಚ್ಚುತ್ತದೆ. “ಇನ್ನೊಂದು ಸಲ ಲೇಟಾದ್ರೆ ಕೀ ಕೊಟ್ಟು ಮನೇಲಿರು,” ಎಂದು ನಂಜುಂಡೇಶ್ ಬೆಳಿಗ್ಗೆಯೇ ಹೇಳಿದ್ದ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಪಕ್ಕ ನಿಲ್ಲಿಸಿ ಇಪ್ಪತ್ತು ನಿಮಿಷ ಆಗಿತ್ತು. ಬ್ಯಾರನ್ ಮಾಲೀಕ ಮಂಟಯ್ಯ ಬಾಗಿಲು ಬಡಿದ.

“ಗಾಡಿ ತಗೀಲಾ, ನನ್ ಟ್ರಾಕ್ಟರ್ ಓಗ್ಬೇಕು.”

ಸರಿಸಿದ. ಅಲ್ಲಿ ಕಾಲು ಗಂಟೆಗೆ ಎದುರು ಮನೆಯ ಚೆಲುವಮ್ಮ ಬಂದಳು.

“ಬಾಗ್ಲು ಮುಂದೆ ಲಾರಿ ನಿಲ್ಸಿದ್ರೆ ಎಣ್ಣು ನೋಡಾಕ್ ಬರೋರು ಎಲ್ಲೋಗ್ಬೇಕು? ಆ ಹೊಂಗೆ ಮರದತ್ರ ಓಗು. ಬುತ್ತಿ ಬಿಚ್ದಾಗ ಮಾತ್ರ ಯಾರ್ನೂ ಊಟಕ್ಕೆ ಕರೀಬ್ಯಾಡ ಕಣಪ್ಪ.”

“ಯಾಕಕ್ಕ?”

“ಕರೀಬ್ಯಾಡ ಅಂದ್ರೆ ಕರೀಬ್ಯಾಡ.”

ಹೊಂಗೆಯ ಕೆಳಗೆ ಒಂದು ಕಾಗೆಯೂ ಇರಲಿಲ್ಲ. ಗಾಳಿ ನಿಂತಿದ್ದರೂ ಎಲೆಗಳು ಅಲ್ಲಾಡುತ್ತಿದ್ದವು. ಬುತ್ತಿ ಬಿಚ್ಚಿದಾಗ ಬೇರಿನ ಮೇಲೆ ಮುದುಕನೊಬ್ಬ ಕೂತಿದ್ದ. ಎದುರಿಗೆ ಮನುಷ್ಯರಿದ್ದರೆ ಕರೆಯದೆ ತುತ್ತು ಎತ್ತುವುದು ನಟರಾಜುವಿನ ಮನೆತನದಲ್ಲೇ ಇರಲಿಲ್ಲ. ಕರೆದರೆ “ನಮ್ದಾಯ್ತು” ಅನ್ನುವುದೂ ಎಲ್ಲರೂ ಬಲ್ಲ ರೀತಿ.

“ಬನ್ನಿ ಯಜಮಾನ್ರೇ, ಊಟಕ್ಕೆ.”

ಮುದುಕ ಬಂದೇಬಿಟ್ಟ. ಮುದ್ದೆ, ಹುರುಳಿ ಸಾರು, ಕೊನೆಗೆ ಉಪ್ಪಿನಕಾಯಿ ಕೂಡ, ಸದ್ದಿಲ್ಲದೆ ಮುಗಿಸಿದ. ನಟರಾಜು ನೀರು ಕುಡಿದು ಹೊಟ್ಟೆ ಸವರಿಕೊಂಡ.

“ಕ್ಯಾಬಿನ್ ಬಾಣಲೆ ಆಗೈತೆ. ನೀನ್ ನೆಳ್ಳಲ್ಲಿ ಮಲ್ಕೊ. ಗಾಡಿ ನಾನ್ ನೋಡ್ಕತೀನಿ,” ಎಂದ ಮುದುಕ.

ಆ ಲಾರಿಯ ಬಾಗಿಲು ಮೊಣಕಾಲಲ್ಲಿ ಗುದ್ದಿದರೆ ಮಾತ್ರ ತೆರೆಯುತ್ತದೆಂದು ತಿಳಿಯಲು ನಟರಾಜುವಿಗೆ ಒಂದು ತಿಂಗಳು ಹಿಡಿದಿತ್ತು. ಮುದುಕ ಮೊದಲ ಸಲಕ್ಕೇ ಗುದ್ದಿ, ಹತ್ತಿ ಕೂತ. ಇವನಿಗೆ ಹೇಗೆ ಗೊತ್ತು ಎಂದು ನಟರಾಜು ಕೇಳಬೇಕೆಂದುಕೊಂಡ. ಆದರೆ ನಿದ್ದೆ ಅದಕ್ಕಿಂತ ಬೇಗ ಬಂತು.

ಎದ್ದಾಗ ಎರಡು ಗಂಟೆ. ಮುದುಕ ಕಾಣಲಿಲ್ಲ. ಹತ್ತಿ ಕೀ ತಿರುಗಿಸಿದ. ಇಂಜಿನ್ ಏಳಲಿಲ್ಲ. ಡಬ್ಬಿ ನಯವಾಗಿ ಹೇಳಿತು: “ಕುಳ್ಳಯ್ಯನವರೆ, ನಿಮ್ಮ ಅರ್ಧ ಗಂಟೆ ವಿಶ್ರಾಂತಿ ಜಮೆಯಾಗಿದೆ.”

ನಟರಾಜು ಆಫೀಸಿನ ಶಶಿಗೆ ಫೋನು ಮಾಡಿದ.

“ಯಾರಪ್ಪ ಕುಳ್ಳಯ್ಯ?”

“ನಿನ್ಗಿಂತ ಮುಂಚೆ ಆ ಲಾರಿ ಓಡಿಸ್ತಿದ್ನಲ್ಲ. ಡಬ್ಬಿ ವೈರ್ ಕಿತ್ತಾಕಿ, ಉಣ್ದೆ ಮಲಗ್ದೆ ಓಡ್ಸಿ, ಕಟ್ಟೆಮಳಲವಾಡಿ ಹೊಂಗೆ ಮರದತ್ರ ಎದೆ ಹಿಡ್ಕೊಂಡು ಸತ್ತೋದ, ಪಾಪ. ಡಬ್ಬಿಯಿಂದ ಅವ್ನ ಎಸ್ರು ತೆಗ್ಸೋದು ಮರೆತ್ಬುಟ್ಟಿದ್ವು. ಯಾಕ್ಲಾ?”

ಉತ್ತರ ಕೊಡುವ ಮೊದಲೇ ಡಬ್ಬಿ ಮುಂದುವರಿಸಿತು: “ನೀವು ಹಿಂದೆ ತಪ್ಪಿಸಿದ ವಿಶ್ರಾಂತಿ ಇನ್ನೂ ನಾನೂರ ಹನ್ನೆರಡು ಗಂಟೆ ಬಾಕಿ ಇದೆ. ಅದು ಮುಗಿಯುವವರೆಗೆ ವಾಹನ ಚಲಿಸುವಂತಿಲ್ಲ.”

ಪಕ್ಕದ ಖಾಲಿ ಸೀಟು ಕಿರ್ರೆಂದು ತಗ್ಗಿತು.

“ನಾಳೀಕೆ,” ಎಂದಿತು ಮುದುಕನ ದನಿ, “ಮುದ್ದೆ ಎಲ್ಡು ಕಟ್ಟಿಸ್ಕಂಡು ಬಾ. ನೀನೂ ಉಣ್ಬೇಕಲ್ಲ.”