ಕರೆಂಟು ಹೋದರೂ ಮರೆಯದ ಯಂತ್ರ

ನಮ್ಮ ಬೀದಿಯ ತಿರುವಿನಲ್ಲಿರುವ ಟ್ರಾನ್ಸ್‌ಫಾರ್ಮರ್ ದಿನಕ್ಕೊಮ್ಮೆ 'ಢಬ್' ಎನ್ನುತ್ತದೆ. ಆ ಸದ್ದಿನ ಬೆನ್ನಿಗೇ ಫ್ಯಾನುಗಳು ಉಸಿರು ಬಿಡುತ್ತವೆ, ಮನೆಮನೆಯಿಂದ 'ಹೋಯ್ತು' ಎಂಬ ಒಕ್ಕೊರಲ ಘೋಷಣೆ ಹೊರಡುತ್ತದೆ. ಆಮೇಲೆ ಬೀದಿಯಲ್ಲಿ ಉಳಿಯುವ ಸದ್ದು ಒಂದೇ: ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಟಕಟಕ.

ಈ ಢಬ್ಬಿಗೆ ಹೆದರದ ಯಂತ್ರಗಳು ಭೂಮಂಡಲದಲ್ಲಿ ಎರಡೇ ಎರಡು, ಒಂದು ಅಮ್ಮನ ಹೊಲಿಗೆ ಯಂತ್ರ, ಇನ್ನೊಂದು ನನ್ನ ಬಾಲ್ಯದ ವಿಡಿಯೋ ಗೇಮ್ ಎಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟೆ. ಅಷ್ಟೇ ಅಲ್ಲ, ಅದನ್ನು ಸಾಬೀತು ಮಾಡಿ ತೋರಿಸಿಯೇ ತೀರುತ್ತೇನೆಂದು ಶಪಥವನ್ನೂ ಮಾಡಿದೆ!

ಮೊದಲು ಆ ಯಂತ್ರವನ್ನು ಪರಿಚಯ ಮಾಡಿಕೊಡಬೇಕು. ಬೂದು ಬಣ್ಣದ ಪೆಟ್ಟಿಗೆ, ಅದರ ನೆತ್ತಿಗೆ ಸಿಕ್ಕಿಸುವ ಹಳದಿ ಕ್ಯಾಸೆಟ್. ಕ್ಯಾಸೆಟ್ಟಿನ ಮೇಲೆ ತೊಂಬತ್ತೊಂಬತ್ತು ಆಟಗಳೆಂದು ಬರೆದಿತ್ತು. ಒಳಗಿದ್ದದ್ದು ಏಳು. ಆ ಏಳೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು, ನಮ್ಮ ಸ್ಟಾಫ್ ರೂಮಿನ ಚರ್ಚೆಗಳ ಹಾಗೆ. ಇಟ್ಟಿಗೆ ಒಡೆಯುವ ಆಟ ನನಗಿಷ್ಟ, ಟ್ಯಾಂಕಿನಿಂದ ಕೋಟೆ ಕಾಯುವುದು ಇಷ್ಟ, ಬೈಕಿನಲ್ಲಿ ಗುಡ್ಡ ಹತ್ತಿ ಮುಗ್ಗರಿಸುವುದು ಇನ್ನೂ ಇಷ್ಟ. ಆದರೆ ಅವೆಲ್ಲ ಬರೀ ಪ್ರಜೆಗಳು. ಪಟ್ಟದ ರಾಜ ಎಂದರೆ ಲಾಟೀನು ಮಾಮ.

ಅವನ ನಿಜವಾದ ಹೆಸರು ನಮಗ್ಯಾರಿಗೂ ಓದಲು ಬಾರದ ಲಿಪಿಯಲ್ಲಿತ್ತು. ಕೈಯಲ್ಲಿ ಲಾಟೀನು ಹಿಡಿದ ಗಿಡ್ಡ ಮನುಷ್ಯ, ಕತ್ತಲೆಯ ಊರೊಂದರಲ್ಲಿ ಮಾಡಿನಿಂದ ಮಾಡಿಗೆ ಹಾರುತ್ತ ಬೀದಿದೀಪ ಹಚ್ಚುತ್ತ ಹೋಗುತ್ತಾನೆ. ಒಂದೊಂದು ದೀಪ ಹತ್ತಿದಾಗಲೂ ಕಪ್ಪು ಪರದೆಯ ಮೇಲೆ ಅಂಗೈಯಗಲ ಹಳದಿ ಬೆಳಕು. ಹೀಗೆ ಎಂಟು ಬೀದಿ. ಎಂಟನೆಯ ಬೀದಿಯ ಕೊನೆಗೆ ಒಂದು ದೀಪಸ್ತಂಭ. ಅದು ಹತ್ತಿದರೆ, ಅಲ್ಲಿಯವರೆಗೂ ಕತ್ತಲೆಯೆಂದು ತಿಳಿದಿದ್ದೆಲ್ಲ ಸಮುದ್ರವಾಗಿತ್ತೆಂದು ಗೊತ್ತಾಗುತ್ತದೆ. ಆಮೇಲೆ ನಾನು ನಿಜವಾದ ಸಮುದ್ರವನ್ನೂ ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ನನ್ನ ಪಾಲಿಗೆ ಅದು ಎರಡನೆಯದು.

ಆ ಆಟದ ದೊಡ್ಡ ಕಷ್ಟವೆಂದರೆ ಅದಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಯಂತ್ರ ಆರಿಸಿದರೆ ಮತ್ತೆ ಮೊದಲನೆಯ ಬೀದಿ, ಮೊದಲನೆಯ ದೀಪ. ನನಗೋ ಸಂಜೆ ಮುಕ್ಕಾಲು ಗಂಟೆ ಮಾತ್ರ ಆಟದ ಅಪ್ಪಣೆ. ಹಾಗಾಗಿ ನಾನು ಆಟವನ್ನು ನಡುವೆಯೇ ನಿಲ್ಲಿಸುವ ಗುಂಡಿ ಒತ್ತಿ, ಟಿವಿಯ ಮೇಲೆ ಟವೆಲ್ ಹೊದಿಸಿ, 'ಆರಿಸಬಾರದು, ಇದು ಆಜ್ಞೆ' ಎಂದು ಚೀಟಿ ಅಂಟಿಸಿ ಬಿಡುತ್ತಿದ್ದೆ. ಮರುದಿನ ಹನ್ನೊಂದಕ್ಕೆ ಟ್ರಾನ್ಸ್‌ಫಾರ್ಮರ್ ಢಬ್ ಎನ್ನುವಾಗ ನಾನು ಶಾಲೆಯಲ್ಲಿರುತ್ತಿದ್ದೆ. ಗೆಳತಿಯರೆಲ್ಲ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು, ಅವರ ಮನೆಯ ಯಂತ್ರಗಳೆಲ್ಲ ಮರೆತು ಕೂರುತ್ತಿದ್ದವು. ನನ್ನದು ಮಾತ್ರ ಮರೆಯುತ್ತಿರಲಿಲ್ಲ! ಸಂಜೆ ಬಂದು ಟವೆಲ್ ಸರಿಸಿದರೆ ಲಾಟೀನು ಮಾಮ ನಾನು ಬಿಟ್ಟುಹೋದ ಕಂಬದ ಕೆಳಗೇ ನಿಂತಿರುತ್ತಿದ್ದ. ಕೆಲವೊಮ್ಮೆ ಅವನ ಪ್ರಾಣಗಳು ಎರಡಿದ್ದದ್ದು ನಾಲ್ಕಾಗಿರುತ್ತಿದ್ದವು. ಮಧ್ಯಾಹ್ನ ಮಲಗೆದ್ದರೆ ನಮಗೂ ಚೈತನ್ಯ ಬರುವುದಿಲ್ಲವೇ, ಹಾಗೇ ಇರಬೇಕು ಎಂದುಕೊಂಡಿದ್ದೆ.

ನಮ್ಮದು ವಿಶೇಷ ಯಂತ್ರವೆಂಬುದಕ್ಕೆ ಇನ್ನೊಂದು ಗುರುತೂ ಇತ್ತು. ಎಲ್ಲರ ಮನೆಯ ರಿಮೋಟಿನಲ್ಲಿ ಎರಡೂ ಗುಂಡಿ ಕೆಂಪು. ನಮ್ಮದರಲ್ಲಿ ಹಾರುವ ಗುಂಡಿ ಮಾತ್ರ ತುಸು ನೀಲಿ.

ಹತ್ತನೆಯ ವಯಸ್ಸಿನಲ್ಲಿ ಒಂದು ಸಂಜೆ ನಾನು ದೀಪಸ್ತಂಭ ಹಚ್ಚಿದೆ. ಇಡೀ ಬೀದಿಯಲ್ಲಿ ಆ ಸಮುದ್ರ ಕಂಡವಳು ನಾನೊಬ್ಬಳೇ. ಈಗ ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪ್ರತಿವರ್ಷ ಹೊಸ ತರಗತಿಗೆ ಎರಡು ಮಾತು ತಪ್ಪದೆ ಹೇಳುತ್ತೇನೆ. ಒಂದು, ಸಾಕ್ಷಿ ಇಲ್ಲದೆ ಏನನ್ನೂ ನಂಬಬೇಡಿ. ಎರಡು, ಬಿಟ್ಟ ಜಾಗದಿಂದ ಮತ್ತೆ ಹಿಡಿಯುವ ಛಲ ಇದ್ದರೆ ಯಂತ್ರಗಳೂ ನಮಗಾಗಿ ಕಾಯುತ್ತವೆ. ಎರಡನೆಯದಕ್ಕೆ ಉದಾಹರಣೆ ಲಾಟೀನು ಮಾಮ.

ಇದು ಫಿಸಿಕ್ಸ್ ಮೇಷ್ಟ್ರ ಕಿವಿಗೆ ಬಿತ್ತು.

"ಮೇಡಂ, ಬ್ಯಾಟರಿ ಇಲ್ಲದ ಯಂತ್ರ ಕರೆಂಟು ಹೋದ್ಮೇಲೆ ಏನನ್ನೂ ಇಟ್ಕೊಳ್ಳಲ್ಲ. ಮಕ್ಕಳಿಗೆ ಸುಳ್ಳು ಹೇಳ್ಬೇಡಿ."

"ನಮ್ಮನೇದು ಇಟ್ಕೊಳ್ಳುತ್ತೆ ಸರ್."

"ಹಾಗಾದ್ರೆ ಫಿಸಿಕ್ಸ್ ಪುಸ್ತಕ ಎಲ್ಲ ಸುಟ್ಟುಬಿಡೋಣ."

ಬೆಂಕಿಪೆಟ್ಟಿಗೆ ನಾನೇ ತರುತ್ತೇನೆ ಎಂದೆ. ಪ್ರಿನ್ಸಿಪಾಲ್ ಮೇಡಂ ನಡುವೆ ಬಂದು ನ್ಯಾಯ ತೀರಿಸಿದರು. ಭಾನುವಾರ ನಮ್ಮ ಮನೆಯಲ್ಲೇ ಪರೀಕ್ಷೆ. ಸೋತವರು ವರ್ಷವಿಡೀ ಬೆಳಗಿನ ಏಳೂವರೆಯ ಮೊದಲ ಪಿರಿಯಡ್ ತೆಗೆದುಕೊಳ್ಳಬೇಕು; ನಾನು ಸೋತರೆ ಆ ಕಥೆಯನ್ನು ತರಗತಿಯಲ್ಲಿ ಮತ್ತೆಂದೂ ಹೇಳಕೂಡದು. ಏಳೂವರೆಗೆ ನಾನು ಅಷ್ಟು ಹೆದರಲಿಲ್ಲ. ಕಥೆ ಹೋಗುವುದಕ್ಕೆ ಹೆದರಿದೆ. ನನ್ನ ಬಳಿ ಹೇಳಿಕೊಳ್ಳುವಂಥ ಬೇರೆ ಸಾಹಸ ಇರಲಿಲ್ಲ.

ಪ್ರಿನ್ಸಿಪಾಲರಿಗೆ ನಮ್ಮ ಮನೆಗೆ ಬರಲು ಬೇರೆ ಕಾರಣವೂ ಇತ್ತು. ಕಾಲೇಜಿನ ವೇದಿಕೆಯ ಕೆನೆ ಬಣ್ಣದ ಪರದೆಯನ್ನು ಹೊಲಿಯಲು ಅಮ್ಮನಿಗೆ ಕೊಟ್ಟು ತಿಂಗಳಾಗಿತ್ತು. ಅಮ್ಮನ ಕೈ ಚಿನ್ನ, ಆದರೆ ಬಾಯಲ್ಲಿ ಯಾವಾಗಲೂ "ನಾಳೆ ಬನ್ನಿ". ಊರಿಗೆಲ್ಲ ಅವಳು 'ನಾಳೆ ಟೈಲರಮ್ಮ'. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಈ ಬಿರುದು ಅಂಟಿದ್ದು. ಆಗ ಅಮ್ಮನ ಜೊತೆ ನಡೆಯುವಾಗ ನಾಚಿಕೆಯಾಗಿ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದೆ. ಇವತ್ತಿಗೂ ನಾನು ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ನಿಂತಿರುತ್ತೇನೆ. ಅದು ಅಮ್ಮನಿಂದ ಬಂದದ್ದಲ್ಲ ಎಂದು ಜಂಬದಿಂದ ಹೇಳಿಕೊಂಡದ್ದೂ ಉಂಟು.

ಶನಿವಾರ ಅಟ್ಟದಿಂದ ಯಂತ್ರ ಇಳಿಯಿತು. ನಮ್ಮ ಹೊಸ ತೆಳ್ಳನೆ ಟಿವಿಗೆ ಅದರ ವೈರು ಸಿಕ್ಕಿಸುವ ತೂತೇ ಇಲ್ಲ. ಪಕ್ಕದ ಮನೆಯ ರೇಡಿಯೋ ತಾತನ ಹತ್ತಿರ ಹಳೆಯ ಡಬ್ಬಿ ಟಿವಿ ಇತ್ತು. ತಾತ ಮತ್ತು ನಾನು ಅದನ್ನು ಹೊತ್ತು ತರುವಾಗ ಗೇಟಿನ ಬಳಿ ಹೂಕುಂಡ ಒಡೆಯಿತು, ಮೆಟ್ಟಿಲ ಬಳಿ ನನ್ನ ಕಾಲುಬೆರಳು ಜಜ್ಜಿತು, ಹೊಸ್ತಿಲ ಬಳಿ ತಾತನ ಸೊಂಟ ಹಿಡಿಯಿತು. ಕ್ಯಾಸೆಟ್ಟಿನ ಬಾಯಿಗೆ ತಲೆ ಸುತ್ತುವಷ್ಟು ಊದಿದೆ. ಒದ್ದೆ ಬಟ್ಟೆಯಿಂದ ರಿಮೋಟ್ ಉಜ್ಜಿದೆ. ನೀಲಿ ಗುಂಡಿ ಕೆಂಪಾಯಿತು. ಪಾಪ, ವಯಸ್ಸಾಗಿ ಬಣ್ಣ ಮಾಸಿದೆ ಎಂದುಕೊಂಡೆ. ನಾನು ಇತಿಹಾಸದ ಉಪನ್ಯಾಸಕಿ!

ಭಾನುವಾರ ಇಬ್ಬರೂ ಬಂದು ಕೂತರು. ಅಮ್ಮ ಮೂಲೆಯಲ್ಲಿ ಪರದೆಗೆ ಚಾಕಿನಿಂದ ಗುರುತು ಹಾಕುತ್ತಿದ್ದಳು. ನಾನು ಗತ್ತಿನಿಂದ ಆಟ ಶುರು ಮಾಡಿ ಮೊದಲನೆಯ ಬೀದಿಯಲ್ಲೇ ಮೂರು ಸಲ ಸತ್ತೆ. ಫಿಸಿಕ್ಸ್ ಮೇಷ್ಟ್ರು ಕೆಮ್ಮಿದರು. ಅಮ್ಮ ಬಟ್ಟೆಯಿಂದ ಕಣ್ಣೆತ್ತದೆ, "ಒಂದು ಹೆಜ್ಜೆ ಹಿಂದೆ ಹೋಗಿ ಹಾರು," ಎಂದಳು. ಹಾರಿದೆ, ದಾಟಿತು. ನಾನು ಆಡುವುದನ್ನು ಎಷ್ಟು ವರ್ಷ ನೋಡಿದ್ದಾಳೆ, ಕಿವಿಯಲ್ಲೇ ಗೊತ್ತಾಗುತ್ತದೆ ಎಂದು ಅತಿಥಿಗಳಿಗೆ ವಿವರಿಸಿದೆ.

ಬೆವರಿಳಿಸಿಕೊಂಡು ನಾಲ್ಕನೆಯ ಬೀದಿಯ ಮೂರನೆಯ ಕಂಬ ಮುಟ್ಟಿದೆ. ಎರಡು ಪ್ರಾಣ, ಹದಿನೆಂಟು ಸಾವಿರದ ನಾನೂರು ಅಂಕ. ಫಿಸಿಕ್ಸ್ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನು ಆಟ ನಿಲ್ಲಿಸಿ ಟವೆಲ್ ಹೊದಿಸಿದೆ. ಅವರು ತಾವೇ ಹೋಗಿ ಮನೆಯ ಮೇನ್ ಸ್ವಿಚ್ ಇಳಿಸಿದರು.

"ಅಮ್ಮಾ, ಹತ್ತು ನಿಮಿಷ ಬಿಟ್ಟು ಹಾಕಿ. ಅಷ್ಟರಲ್ಲಿ ಅದರ ಜೀವ ಪೂರ್ತಿ ಹೋಗಿರುತ್ತೆ."

ಅಮ್ಮ ತಲೆಯಾಡಿಸಿದಳು. ಫ್ಯಾನಿಲ್ಲದೆ ಸೆಕೆ, ಮಾಳಿಗೆಗೆ ಹೋಗಿ ಚಹಾ ಕುಡಿಯಿರಿ ಎಂದು ಲೋಟಗಳನ್ನೂ ಕೊಟ್ಟಳು. ಮೇಲೆ ಪ್ರಿನ್ಸಿಪಾಲ್ ಮೇಡಂ ಹಳೆಯ ಪರದೆ ಹೇಗೆ ಹರಿಯಿತು ಎಂಬ ಕಥೆ ತೆಗೆದರು. ಅದು ಹರಿಯಲು ಅರ್ಧ ಗಂಟೆ ಹಿಡಿಯಿತು. ಕೆಳಗಿನಿಂದ ಮೊದಲು ಟಕಟಕ ಕೇಳುತ್ತಿತ್ತು, ಆಮೇಲೆ ನಿಂತಿತು. ದಾರ ಪೋಣಿಸುತ್ತಿದ್ದಾಳೆ ಎಂದುಕೊಂಡೆ.

ಇಳಿದು ಬಂದೆವು. ಫ್ಯಾನು ತಿರುಗುತ್ತಿತ್ತು, ಅಮ್ಮ ಹೊಲಿಯುತ್ತಿದ್ದಳು. ಟವೆಲ್ ಸರಿಸಿದೆ.

ನಾಲ್ಕನೆಯ ಬೀದಿ. ಮೂರನೆಯ ಕಂಬ. ಲಾಟೀನು ಮಾಮ ಲಾಟೀನು ಎತ್ತಿ ನಿಂತಿದ್ದ!

ನಾನು ಫಿಸಿಕ್ಸ್ ಮೇಷ್ಟ್ರನ್ನು ನೋಡಿದ ನೋಟದಲ್ಲಿ ಸಾಮ್ರಾಜ್ಯಗಳು ಉರುಳಿದವು. ಅವರು ಕನ್ನಡಕ ಒರೆಸಿಕೊಂಡು ಟಿವಿಯ ಪರದೆಗೆ ಮೂಗು ತಾಗಿಸಿದರು. ಪ್ರಾಣ ಐದು. ಅಂಕ ಇಪ್ಪತ್ತಾರು ಸಾವಿರದ ಒಂಬೈನೂರು.

"ನೆನಪಿಟ್ಕೊಂಡಿದೆ, ಒಪ್ಕೋತೀನಿ," ಎಂದರು ಮೆಲ್ಲಗೆ. "ಆದ್ರೆ ನಿದ್ದೇಲಿ ಸಂಪಾದನೆ ಮಾಡಿದ್ದು ಹೇಗೆ?"

ಯಂತ್ರವನ್ನು ಬುಡಮೇಲು ಮಾಡಿದರು, ಆಟ ಆರದ ಹಾಗೆ ವೈರು ಕೀಳದೆಯೇ ಸ್ಕ್ರೂಡ್ರೈವರ್ ಕೇಳಿ ಹೊಟ್ಟೆ ಬಿಚ್ಚಿದರು, ಬ್ಯಾಟರಿ ಹುಡುಕಿದರು. ಆ ಕೋಣೆಯಲ್ಲಿ ಅರ್ಧ ಗಂಟೆ ಇದ್ದ ಏಕೈಕ ಸಾಕ್ಷಿ ಎರಡು ಮಾರು ದೂರದಲ್ಲಿ ಪರದೆ ಹೊಲಿಯುತ್ತಿದ್ದಳು. ಅವಳನ್ನು ವಿಜ್ಞಾನವೂ ಕೇಳಲಿಲ್ಲ, ಇತಿಹಾಸವೂ ಕೇಳಲಿಲ್ಲ. ಕೊನೆಗೆ ಮೇಷ್ಟ್ರು ಸೋಲೊಪ್ಪಿ, ಏಳೂವರೆಯ ಪಿರಿಯಡ್ಡನ್ನು ಹೆಗಲಿಗೇರಿಸಿಕೊಂಡು ಹೊರಟರು. ಪ್ರಿನ್ಸಿಪಾಲ್ ಮೇಡಂ ಪರದೆ ಕೇಳಿದರು. ಅರ್ಧ ಗಂಟೆಯಲ್ಲಿ ಗೇಣುದ್ದ ಮಾತ್ರ ಮುಂದೆ ಹೋಗಿತ್ತು. ಸಂಜೆ ಕಳಿಸಿಕೊಡುತ್ತೇನೆ ಎಂದಳು ಅಮ್ಮ. ಅವರು ನಗುತ್ತ ಮೇಷ್ಟ್ರ ಹಿಂದೆ ಹೋದರು.

ಗೆದ್ದ ಮೇಲೆ ಒಂದು ಆಟವಾದರೂ ಬೇಡವೇ? ಯಂತ್ರದ ಹೊಟ್ಟೆ ಮುಚ್ಚಿ ರಿಮೋಟ್ ಎತ್ತಿಕೊಂಡೆ. ಹಾರುವ ಗುಂಡಿ ನೀಲಿಯಾಗಿತ್ತು.

ಹೆಬ್ಬೆರಳಿನಿಂದ ಉಜ್ಜಿದೆ. ನೀಲಿ ನನ್ನ ಬೆರಳಿಗೆ ಬಂತು. ಚಾಕ್. ಅಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್. ನಾನು ಆ ಬೆರಳನ್ನೂ ಅಮ್ಮನ ಬೆರಳನ್ನೂ ನೋಡಿದೆ. ಟಕಟಕ ನಿಂತಿತು.

"ದಿನಾನೂನಾ ಅಮ್ಮ?"

"ದಿನಾನೂ ಕರೆಂಟು ಹೋಗ್ತಿತ್ತಲ್ಲ."

"ಇಡೀ ಆಟ? ಮೊದಲಿಂದ?"

"ಮತ್ತೆ? ನೀನು ಎಲ್ಲಿ ಬಿಟ್ಟಿದ್ದೆ ಅಂತ ಚಾಕಲ್ಲಿ ಬರೆದಿಟ್ಕೋತಿದ್ದೆ. ಕರೆಂಟು ಬಂದ ತಕ್ಷಣ ಕೂರೋದು. ನಾಲ್ಕನೇ ಬೀದಿ ಸೇತುವೆ ಹತ್ರ ಎಷ್ಟು ಸಲ ಸತ್ತಿದ್ದೀನಿ, ಲೆಕ್ಕ ಇಲ್ಲ. ಬಟ್ಟೆ ಕೇಳ್ಕೊಂಡು ಬಂದೋರಿಗೆ ನಾಳೆ ಬನ್ನಿ ಅಂದುಬಿಡ್ತಿದ್ದೆ."

ನಾಳೆ ಟೈಲರಮ್ಮ. ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ಹುಡುಗಿಯೊಬ್ಬಳು ನನ್ನ ಕಣ್ಣ ಮುಂದೆ ಹಾದುಹೋದಳು. ನನಗೋಸ್ಕರ ಇಷ್ಟೆಲ್ಲ ಯಾಕೆ ಮಾಡಿದೆ ಎಂದು ಕೇಳಿದೆ.

"ಮೊದಲ ವಾರ ನಿನಗೋಸ್ಕರ, ನೀನು ಅಳ್ತಿದ್ದೆ," ಎಂದಳು ಅಮ್ಮ. "ಆಮೇಲೆ ನನಗೋಸ್ಕರ ಕಣೇ. ಎಷ್ಟು ಚೆನ್ನಾಗಿದೆ ಆಟ!"

ನಾನು ಕೊನೆಯ ಆಸೆಯಿಂದ ಕೇಳಿದೆ, ದೀಪಸ್ತಂಭವನ್ನಾದರೂ ನಾನೇ ಹಚ್ಚಿದ್ದು ತಾನೇ?

ಅಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು. "ಆವತ್ತು ಮಧ್ಯಾಹ್ನ ತಡೆಯೋಕಾಗದೆ ನಾನೇ ಮುಗಿಸಿಬಿಟ್ಟೆ. ಸಮುದ್ರ ನೋಡಿ ತುಂಬಾ ಹೊತ್ತು ಕೂತಿದ್ದೆ. ಆಮೇಲೆ ನಿನಗೆ ಮೋಸ ಆಯ್ತಲ್ಲ ಅನ್ನಿಸ್ತು. ಮತ್ತೆ ಮೊದಲಿಂದ ಆಡಿ ಎಂಟನೇ ಬೀದಿ ಕೊನೇಲಿ ತಂದು ನಿಲ್ಲಿಸಿದೆ. ನಿನಗೆ ಅಂತ ಎರಡು ಹಾರೋದು ಬಾಕಿ ಇಟ್ಟಿದ್ದೆ."

ಎರಡು! ಹತ್ತನೆಯ ವಯಸ್ಸಿನ ಸಾಹಸಕಥೆ ಎರಡು ಜಿಗಿತಕ್ಕೆ ಇಳಿಯಿತು. ಅದರಲ್ಲೂ ಒಂದರಲ್ಲಿ ನಾನು ಸತ್ತಿದ್ದು ಈಗ ನೆನಪಾಯಿತು.

ಇವತ್ತೂ ಯಾಕೆ ಆಡಿದೆ ಎಂದರೆ, "ಏಳೂವರೆ ಪಿರಿಯಡ್ಡಿಗೆ ನೀನು ಹೋದ್ರೆ ಆರಕ್ಕೆ ಎದ್ದು ಡಬ್ಬಿ ಕಟ್ಟೋಳು ಯಾರು?" ಎಂದು ಮರುಪ್ರಶ್ನೆ ಬಂತು. ಹೇಳುತ್ತಲೇ ಅಮ್ಮ ಪರದೆ ಬದಿಗಿಟ್ಟು ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡು ನೆಲದ ಮೇಲೆ ಕಾಲು ಚಾಚಿ ಕೂತಳು. ಲಾಟೀನು ಮಾಮ ಅವಳ ಕೈಯಲ್ಲಿ ನಡೆಯುತ್ತಿರಲಿಲ್ಲ, ತೇಲುತ್ತಿದ್ದ. ಸೇತುವೆಯನ್ನು ಒಂದೇ ಉಸಿರಿಗೆ ದಾಟಿದ. ದೀಪದ ಹಿಂದೆ ದೀಪ ಹತ್ತಿ ಅಮ್ಮನ ಮುಖದ ಮೇಲೆ ಹಳದಿ ಬೆಳಕು ಅಂಗೈಯಗಲ ಅಂಗೈಯಗಲ ಬೆಳೆಯಿತು. ನಾನು ಬಾಯಿ ತೆರೆದು ನೋಡುತ್ತ ನಿಂತೆ.

"ಅವರು ಇನ್ನೂ ತಿರುವಿನಲ್ಲೇ ಇರ್ತಾರೆ," ಎಂದಳು ಅಮ್ಮ ಕಣ್ಣು ಕೀಳದೆ. "ಪರದೆ ಸಂಜೆಗಾಗಲ್ಲ ಅಂತ ಹೇಳಿ ಬಾ."

ಚಪ್ಪಲಿ ಸಿಕ್ಕಿಸಿಕೊಂಡು ಬೀದಿಗಿಳಿದೆ. ಟ್ರಾನ್ಸ್‌ಫಾರ್ಮರ್ ಬಳಿ ಇಬ್ಬರೂ ಆಟೋ ಕಾಯುತ್ತ ನಿಂತಿದ್ದರು. ನಾನು ಓಡುತ್ತಲೇ ಕೈಬೀಸಿ ಕೂಗಿದೆ: "ಸರ್, ನಿಲ್ಲಿ, ನಿಮ್ಮ ಪುಸ್ತಕ ಸುಡೋದು ಬೇಡ, ಏಳೂವರೆ ಪಿರಿಯಡ್ ನಂದೇ. ಮೇಡಂ, ಪರದೆ ಮಾತ್ರ ನಾಳೆ, ಯಾಕಂದ್ರೆ ನಮ್ಮಮ್ಮ ಈಗ ಐದನೇ ಬೀದೀಲಿ ದೀಪ ಹಚ್ತಿದ್ದಾಳೆ!"