ಐಸಿಯು ಬಾಗಿಲಲ್ಲಿ ದೇವರು

ದೆಹಲಿಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ಡಾಕ್ಟರಾಗಿದ್ದೆ. ಅಲ್ಲಿಗೆ ರೋಗಿ ಒಬ್ಬರೇ ಬರುತ್ತಿರಲಿಲ್ಲ. ಮನೆದೇವರು, ಪಂಚಾಂಗ, ಸೋದರಮಾವ ಎಲ್ಲರೂ ಜೊತೆಗೇ ಬರುತ್ತಿದ್ದರು. ಹಾಗಾಗಿ ಅಳುವ ಜಾಗದಲ್ಲೂ ನಗುವಿಗೆ ಬರವಿರಲಿಲ್ಲ.

ಕೊನೆಯ ತೊಟ್ಟು

ಗಾಜಿಯಾಬಾದಿನ ಹಿರಿಯರೊಬ್ಬರಿಗೆ ನ್ಯುಮೋನಿಯಾ. ವಾಸಿಯಾಗುತ್ತಿದೆ ಎಂದರೂ ಮನೆಯವರು ನಂಬಲಿಲ್ಲ. ಸೊಸೆ ಗಂಗಾಜಲದ ಬಾಟಲಿ ಹಿಡಿದು ಅಳುತ್ತಾ ನಿಂತಳು. "ಡಾಕ್ಟರ್ ಸಾಹಿಬಾ, ಇದು ಬಾಯಿಗೆ ಬೀಳದಿದ್ರೆ ಬಾಬೂಜಿಗೆ ಮುಕ್ತಿ ಇಲ್ಲ." ಇಲ್ಲವೆನ್ನಲು ಮನಸ್ಸಾಗದೆ, ಹತ್ತಿಯನ್ನು ಅದರಲ್ಲಿ ಅದ್ದಿ ತುಟಿಗೆ ಒತ್ತಿದೆ. ಬಾಬೂಜಿ ಕಣ್ಣು ಬಿಟ್ಟು ತುಟಿ ಸವರಿಕೊಂಡರು.

"ಇಷ್ಟು ದೂರ ತಂದಿದ್ದೀಯ, ಸ್ವಲ್ಪ ಚಹಾಪುಡಿ ಹಾಕಿ ಕುದಿಸಬಾರದಿತ್ತಾ?"

ಕಣ್ಣು

ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಾಕೆ ನೇತ್ರದಾನ ಮಾಡುತ್ತೇನೆಂದು ಹೊರಟರು. ಆಕೆಯ ಯಜಮಾನರು ಹೌಹಾರಿದರು. "ಮುಂದಿನ ಜನ್ಮದಲ್ಲಿ ಕಣ್ಣಿಲ್ಲದೆ ಹುಟ್ತೀಯ ಕಣೇ!" ಸತ್ಯನಾರಾಯಣ ಪೂಜೆಗೆ ಬಂದಿದ್ದ ಪುರೋಹಿತರು ನಕ್ಕರು. "ರಾಯರೇ, ಹಾಗಾದ್ರೆ ತಿರುಪತಿಯಲ್ಲಿ ಮುಡಿ ಕೊಟ್ಟವರೆಲ್ಲ ಮುಂದಿನ ಜನ್ಮದಲ್ಲಿ ಬೋಳುತಲೆಯವರಾಗಬೇಕಲ್ಲ?"

ರಾಯರು ತಮ್ಮ ನುಣುಪಾದ ತಲೆ ಮುಟ್ಟಿಕೊಂಡು, "ಸ್ವಾಮೀ, ಅದಕ್ಕೇ ಹೇಳ್ತಿರೋದು!" ಎಂದರು. ಆಮೇಲೆ ಅವರಿಗೇ ನಗು ಬಂತು. ಆ ವಾರವೇ ಹೆಂಡತಿಯ ಜೊತೆ ಹೋಗಿ ತಮ್ಮ ಕಣ್ಣನ್ನೂ ಬರೆದುಕೊಟ್ಟರು.

ಉತ್ತರಾಯಣ

ಇಂದಿರಾಪುರಂನಿಂದ ಬಂದ ನಮ್ಮ ಕಡೆಯ ಅಜ್ಜಿಯೊಬ್ಬರ ಶ್ವಾಸಕೋಶ ಸೋತಿತ್ತು. ಚಳಿ ಆಗಷ್ಟೇ ಶುರು. ಕೇಂದ್ರ ಸರ್ಕಾರದ ಅಧಿಕಾರಿಯಾಗಿದ್ದ ಮಗ ಕೈಮುಗಿದರು. "ಮೇಡಂ, ದಕ್ಷಿಣಾಯನದಲ್ಲಿ ಅಮ್ಮ ಹೋಗೋದು ಬೇಡ. ಭೀಷ್ಮರು ಕಾಯಲಿಲ್ವೇ? ಸಂಕ್ರಾಂತಿವರೆಗೆ ವೆಂಟಿಲೇಟರಿನಲ್ಲಿಡಿ."

"ಕೊಳವೆ ಹಾಕಿದರೆ ಅವರು ಮಾತಾಡೋಕಾಗಲ್ಲ. ಮತ್ತೆ ತೆಗೆಯೋದೂ ಕಷ್ಟ. ಮೊದಲು ಅವರನ್ನೇ ಕೇಳೋಣ," ಎಂದೆ.

ಅಜ್ಜಿ ಆಕ್ಸಿಜನ್ ಮಾಸ್ಕ್ ಸರಿಸಿದರು. "ಲೋ, ಭೀಷ್ಮ ಬಾಣದ ಮೇಲೆ ಮಲಗಿ ಊರಿಗೆಲ್ಲ ಬುದ್ಧಿ ಹೇಳಿದ. ನೀನು ನನ್ನ ಬಾಯಿಗೇ ಪೈಪು ತುರುಕ್ತೀಯಲ್ಲೋ! ಇಷ್ಟು ವರ್ಷ ದೀಪ ಹಚ್ಚಿದ್ದೀನಿ. ನನ್ನ ದೇವರು ಪಂಚಾಂಗ ನೋಡಿ ಬಾಗಿಲು ತೆಗೆಯೋನಲ್ಲ. ಮನೆಗೆ ಕರ್ಕೊಂಡು ಹೋಗು."

ಮಗ ಅಮ್ಮನ ಕೈ ಹಿಡಿದು ಬಹಳ ಹೊತ್ತು ಅತ್ತರು. ಆಮೇಲೆ ಆಕ್ಸಿಜನ್ ಸಿಲಿಂಡರಿನ ಜೊತೆ ಮನೆಗೆ ಕರೆದೊಯ್ದರು. ಹೆಚ್ಚು ದಿನ ಇರಲಾರರೆಂದೇ ನಾನೂ ಎಣಿಸಿದ್ದೆ. ಆದರೆ ಮನೆಯ ತಿಳಿಸಾರು, ಬಾಲ್ಕನಿಯ ಬಿಸಿಲು ಅದೇನು ಮಾಡಿದವೋ, ಸಂಕ್ರಾಂತಿಗೆ ನೋಡಲು ಹೋದರೆ ಅಜ್ಜಿ ಕೂತು ನನ್ನ ಕೈಗೆ ಎಳ್ಳುಬೆಲ್ಲ ಹಾಕಿದರು. ಮಗನತ್ತ ತಿರುಗಿ ಕೇಳಿದರು: "ಉತ್ತರಾಯಣ ಬಂತಲ್ಲೋ, ಇನ್ನು ಹೊರಡಲಾ?"

ಮಗ ಗಾಬರಿಯಿಂದ ಎದ್ದು ನಿಂತರು. "ಬೇಡಮ್ಮ, ಬೇಡ! ಈ ವರ್ಷದ ಉತ್ತರಾಯಣ ಅಷ್ಟು ಚೆನ್ನಾಗಿಲ್ಲವಂತೆ!"